ಹಠಮಾರಿ ಕಾರಿನ ಪಾಠ

ಈ ಸಲದ ಪಾಠ ಸ್ವಲ್ಪ ಹೊಸ ಬಗೆಯದು. ಕಂಪ್ಯೂಟರಿನ ತೆರೆಯ ಮುಂದೆ ಸ್ಟೀರಿಂಗ್ ಹಿಡಿದು ಕುಳಿತು ಓಟದ ಕಾರನ್ನು ನಡೆಸುವುದು ಹೇಗೆ, ಅದರಲ್ಲಿಯೂ ಹೇಳಿದ ಮಾತು ಕೇಳದ ಕಾರನ್ನು ಹದಕ್ಕೆ ತರುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳ ನಮ್ಮ ಕೆಲವು ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಹುಡುಗರು ಈ ಯಂತ್ರದ ಮುಂದೆ ಕೂರುವುದುಂಟು. ಹುಡುಗರೇ ಏಕೆ, ಎರಡನೆಯ ಪಾಳಿ ಮುಗಿಸಿ ಬಂದ ದೊಡ್ಡವರೂ ಕೂರುವುದುಂಟು. ಕಾರು ಮೊದಲನೆಯ ತಿರುವಿನಲ್ಲಿಯೇ ಬುಗುರಿಯಂತೆ ಸುತ್ತುತ್ತದೆ. ಹತ್ತು ಸಲ ಹೀಗಾದ ಮೇಲೆ "ಈ ಕಾರೇ ಸರಿಯಿಲ್ಲ" ಎಂಬ ತೀರ್ಪು ಹೊರಡುತ್ತದೆ. ಕಾರು ಸರಿಯಾಗಿಯೇ ಇದೆ, ಕಾಲಿಗೆ ಪಾಠವಾಗಬೇಕಾಗಿದೆ ಎಂದು ತೋರಿಸುವುದು ನಮ್ಮ ಉದ್ದೇಶ.

ಇದು ಮಕ್ಕಳಾಟವಲ್ಲವೇ, ವಾಚನಾಲಯದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಹಿರಿಯ ವಾಚಕರು ಕೇಳಬಹುದು. ಕೇಳತಕ್ಕದ್ದೇ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವನು, ತಂದೆಯ ಪಿಯಾನೋ ಮತ್ತು ಆರ್ಗನ್ ಕಾರ್ಖಾನೆಯಲ್ಲಿ ಕಲಿತ ತಿದಿಯ ವಿದ್ಯೆಯನ್ನು ಬಳಸಿ, ನೆಲದ ಮೇಲೆಯೇ ನಿಂತು ವಿಮಾನದಂತೆ ಓಲಾಡುವ ಪೆಟ್ಟಿಗೆಯೊಂದನ್ನು ಮಾಡಿದ. ನಮ್ಮ ಹಾರ್ಮೋನಿಯಮ್ಮಿನಲ್ಲಿ ಇರುವುದೂ ತಿದಿಯೇ. ಎರಡನೆಯ ಮಹಾಯುದ್ಧದ ಸಾವಿರಾರು ಪೈಲಟುಗಳು ಆ ಪೆಟ್ಟಿಗೆಯಲ್ಲಿ ಕುಳಿತು ಕಲಿತವರು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಪಾಲುದಾರಿಕೆಯಿಂದ ಹುಟ್ಟಿದ ಹ್ಯಾಟ್ಸಾಫ್, ಹೆಲಿಕಾಪ್ಟರ್ ಪೈಲಟುಗಳಿಗೆ ಸಿಮ್ಯುಲೇಟರಿನಲ್ಲಿ ಪಾಠ ಹೇಳಲೆಂದೇ ಸ್ಥಾಪಿತವಾದದ್ದು. 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಸರಕಾರದ ನಿಯಮದಂತೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿಯೂ ಸಿಮ್ಯುಲೇಟರ್ ಇರಲೇಬೇಕು.

ಓಟದ ಲೋಕವಂತೂ ಇದನ್ನು ಕಣ್ಣಿಗೊತ್ತಿಕೊಂಡಿದೆ. 2009ರಿಂದ ಫಾರ್ಮುಲಾ ಒಂದರಲ್ಲಿ ಋತುವಿನ ನಡುವಿನ ಪರೀಕ್ಷಾ ಓಟಗಳಿಗೆ ಕಡಿವಾಣ ಬಿದ್ದ ಮೇಲೆ ತಂಡಗಳು ಸಿಮ್ಯುಲೇಟರನ್ನೇ ನೆಚ್ಚಿಕೊಂಡವು. 2025ರ ಮೇ 24ರಂದು ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಫಾರ್ಮುಲಾ ಎರಡರ ಸ್ಪ್ರಿಂಟ್ ಓಟ ಗೆದ್ದ ನಮ್ಮ ಬೆಂಗಳೂರಿನ ಕುಶ್ ಮೈನಿ ಈ ಕಾಲದ ಓಟಗಾರ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಎಂಬ ಯುವಕ 2011ರಲ್ಲಿ ಗ್ರಾನ್ ಟೂರಿಸ್ಮೊ ಆಟದ ಸ್ಪರ್ಧೆ ಗೆದ್ದು ನಿಜವಾದ ಓಟದ ಕಾರನ್ನೇ ಏರಿದ. ಇದನ್ನು ಓದಿ ಯಾರೂ ನೌಕರಿ ಬಿಡುವುದು ಬೇಡ. ಅಂಥವನು ಲಕ್ಷಕ್ಕೊಬ್ಬ. ನಿಜವಾದ ಮೋಟಾರು ಓಟ ಹಣವಂತರ ಆಟ. ತೆರೆಯ ಮುಂದಿನ ಓಟಕ್ಕೆ ಮಾತ್ರ ಗುಮಾಸ್ತನ ಮಗನೂ ಬಂದು ಕೂರಬಹುದು ಎಂಬಷ್ಟೇ ಸಮಾಧಾನ.

ಪಾಠಕ್ಕೆ ಒಂದು ಕಾರು ಬೇಕು. ಲೋಟಸ್ 49 ಎಂಬುದನ್ನು ಆರಿಸಿಕೊಳ್ಳೋಣ. ಕಾಲಿನ್ ಚಾಪ್ಮನ್ ಮತ್ತು ಮಾರಿಸ್ ಫಿಲಿಪ್ ರೂಪಿಸಿದ ಈ ಕಾರಿಗೆ, ಫೋರ್ಡ್ ಕಂಪೆನಿಯ ಹಣದಿಂದ ಕೀತ್ ಡಕ್‌ವರ್ತ್ ಮೂರು ಲೀಟರಿನ, ಎಂಟು ಸಿಲಿಂಡರಿನ ಇಂಜಿನ್ ಮಾಡಿಕೊಟ್ಟ. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್ ಪಥದಲ್ಲಿ ತನ್ನ ಮೊಟ್ಟಮೊದಲ ಓಟದಲ್ಲಿಯೇ ಜಿಮ್ ಕ್ಲಾರ್ಕನ ಕೈಯಲ್ಲಿ ಇದು ಗೆದ್ದಿತು. 1998ರಲ್ಲಿ ಬಂದ ಗ್ರಾಂ ಪ್ರೀ ಲೆಜೆಂಡ್ಸ್ ಎಂಬ ಸಿಮ್ಯುಲೇಟರು ಆ 1967ನೆಯ ಇಸವಿಯ ಓಟಗಳನ್ನೇ ತೆರೆಗೆ ತಂದಿತು. ಅದನ್ನು ಕೊಂಡವರಲ್ಲಿ ಅನೇಕರಿಗೆ ಒಂದು ಸುತ್ತು ನೆಟ್ಟಗೆ ಮುಗಿಸುವುದೇ ಸಾಹಸವಾಯಿತು. ಆಮೇಲಿನ ಐರೇಸಿಂಗ್, ಅಸೆಟ್ಟೊ ಕೋರ್ಸಾಗಳಲ್ಲಿಯೂ ಈ ಕಾರು ಉಂಟು, ಹಠವೂ ಉಂಟು.

ಹಠ ಎಲ್ಲಿಂದ ಬಂತು? ಮುಂಬಯಿಯ ಬೀದಿಗಳಿಂದ 2023ರ ಅಕ್ಟೋಬರಿನಲ್ಲಿ ಮರೆಯಾದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯನ್ನು ನೆನೆಯಿರಿ. ಅದರ ಇಂಜಿನ್ 1089 ಸಿ.ಸಿ., ಶಕ್ತಿ ಸುಮಾರು 40 ಕುದುರೆ. ಲೋಟಸ್ 49ರ ಶಕ್ತಿ ಸುಮಾರು 400 ಕುದುರೆ, ತೂಕ ಸುಮಾರು 500 ಕಿಲೋ ಮಾತ್ರ. ಹತ್ತು ಪದ್ಮಿನಿಗಳ ಬಲವನ್ನು ಒಂದು ಪದ್ಮಿನಿಗಿಂತಲೂ ಹಗುರಾದ ಗಾಡಿಗೆ ಕಟ್ಟಿದಂತಾಯಿತು. ಇಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ, ತಳ್ಳುವುದು ಹಿಂದಿನ ಚಕ್ರಗಳು. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು 1967ರಲ್ಲಿ ಇನ್ನೂ ಬಂದಿರಲಿಲ್ಲ. ಸಾಲದ್ದಕ್ಕೆ, ಆ ಮೊದಲ ಇಂಜಿನ್ನು ನಿಮಿಷಕ್ಕೆ ಆರೂವರೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ಒಮ್ಮೆಗೇ ಒದೆಯುತ್ತಿತ್ತು.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲನ್ನು ಎಳೆಯುವುದು ಮುಂದಿನ ಚಕ್ರಗಳು. ಪದ್ಮಿನಿ ಮಾಡಿದ ಪ್ರೀಮಿಯರ್ ಕಂಪೆನಿ 1990ರ ದಶಕದಲ್ಲಿ ನಮ್ಮ ಕಲ್ಯಾಣದ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದ ಪ್ಯೂಜೊ 309 ಕೂಡ ಅಂಥದೇ. ಆ ಕಾರಖಾನೆಯನ್ನು ಕಂಡ ವಾಚಕರು ಇನ್ನೂ ಇದ್ದಾರೆ. ಅಂಥ ಕಾರನ್ನು ತಿರುವಿನಲ್ಲಿ ಅತಿ ವೇಗವಾಗಿ ನುಗ್ಗಿಸಿದರೆ ಅದರ ಮೂತಿ ನೆಟ್ಟಗೆ ಹೊರಕ್ಕೆ ಹೋಗುತ್ತದೆ. ಹೆದರಿ ಎಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಹೀಗಾಗಿ "ಹೆದರಿಕೆಯಾದರೆ ಕಾಲೆತ್ತು" ಎಂಬುದು ನಮ್ಮ ಕಾಲಿಗೆ ಅಂಟಿದ ಅಭ್ಯಾಸ. ಲೋಟಸಿನಲ್ಲಿ ಇದೇ ಅಭ್ಯಾಸ ಕಾರನ್ನು ಸುತ್ತಿಸುತ್ತದೆ. ತಿರುವಿನ ನಡುವೆ ಥಟ್ಟನೆ ಕಾಲೆತ್ತಿದಿರೋ, ಬಾಲ ಮುಂದಕ್ಕೆ ಬಂತೆಂದೇ ತಿಳಿಯಿರಿ.

ಕಾರಣವನ್ನು ಅರಿಯಲು ಪುಸ್ತಕ ಬೇಕಿಲ್ಲ. ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ನಿಂತವರಿಗೆಲ್ಲ ಅದು ಮೈಯಲ್ಲಿಯೇ ಗೊತ್ತು. ಥಾಣೆ ಬರುವಾಗ ಮೋಟರ್‌ಮನ್ ಬ್ರೇಕು ಹಾಕಿದನೆಂದರೆ ಇಡೀ ಗುಂಪು ಮುಂದಕ್ಕೆ ವಾಲುತ್ತದೆ. ಮುಂದಿದ್ದವನ ಮೇಲೆ ಭಾರ, ಹಿಂದಿದ್ದವನಿಗೆ ಉಸಿರಾಡಲು ಸ್ವಲ್ಪ ಜಾಗ. ಗಾಡಿ ಹೊರಟಾಗ ಎಲ್ಲ ತಿರುಗುಮುರುಗು. ಕಾರಿನ ನಾಲ್ಕು ಚಕ್ರಗಳ ಮೇಲೆಯೂ ಹೀಗೆಯೇ. ಬ್ರೇಕು ಒತ್ತಿದರೆ, ಅಥವಾ ಬರಿಯ ಕಾಲೆತ್ತಿದರೂ, ಭಾರ ಮುಂದಿನ ಚಕ್ರಗಳಿಗೆ ಹೋಗಿ ಅವು ನೆಲವನ್ನು ಗಟ್ಟಿಯಾಗಿ ಕಚ್ಚುತ್ತವೆ; ಹಿಂದಿನವು ಹಗುರಾಗಿ ಹಿಡಿತ ಬಿಡುತ್ತವೆ. ಅದೇ ಹೊತ್ತಿಗೆ ಹಿಂದೆ ಕುಳಿತ ಇಂಜಿನ್ನಿನ ತೂಕ ಹೊರಕ್ಕೆ ಬೀಸುತ್ತದೆ. ಎಕ್ಸಿಲರೇಟರನ್ನು ಮೃದುವಾಗಿ ಒತ್ತಿದರೆ ಭಾರ ಹಿಂದಕ್ಕೆ ಬಂದು ಬಾಲ ಕೂರುತ್ತದೆ.

ಹಿಡಿತದ ಲೆಕ್ಕವನ್ನು ಸಂಬಳದ ಲೆಕ್ಕದಂತೆ ನೋಡಬಹುದು. ಟಯರಿಗೆ ಇರುವ ಹಿಡಿತ ಇಷ್ಟೇ ಎಂದು ಗೊತ್ತು. ಅದರಲ್ಲಿಯೇ ತಿರುಗಬೇಕು, ಅದರಲ್ಲಿಯೇ ನಿಲ್ಲಬೇಕು, ಅದರಲ್ಲಿಯೇ ಓಡಬೇಕು. ಮನೆ ಬಾಡಿಗೆಗೆ ಎಲ್ಲವನ್ನೂ ಕೊಟ್ಟವನ ಕೈಯಲ್ಲಿ ರೇಶನ್ನಿಗೆ ಏನುಳಿದೀತು? ಪೂರ್ತಿ ಹಿಡಿತವನ್ನು ತಿರುಗಲು ಖರ್ಚು ಮಾಡುತ್ತಿರುವ ಹಿಂದಿನ ಟಯರಿಗೆ ನಾನೂರು ಕುದುರೆಯ ಒದೆ ಕೊಟ್ಟರೆ ಅದು ಜಾರದೆ ಬೇರೆ ದಾರಿಯಿಲ್ಲ. ಸ್ಟೀರಿಂಗ್ ನೆಟ್ಟಗಾಗುತ್ತ ಬಂದಷ್ಟೇ ಕಾಲು ಒತ್ತುತ್ತ ಹೋಗಬೇಕು, ಅದಕ್ಕೆ ಮೊದಲಲ್ಲ.

ಇನ್ನು ಕೂರುವ ಬಗೆ. ಸ್ಟೀರಿಂಗ್ ಚಕ್ರವನ್ನು ಅಲುಗದ ಮೇಜಿಗೆ ಬಿಗಿಯಿರಿ. ಪೆಡಲುಗಳನ್ನು ಗೋಡೆಗೆ ಆನಿಸಿದರೆ ಬ್ರೇಕು ಒತ್ತಿದಾಗ ಅವು ಓಡಿಹೋಗುವುದಿಲ್ಲ. ಹೊಸ ಚಕ್ರಕ್ಕೆ ಒಬ್ಬ ಗುಮಾಸ್ತನ ತಿಂಗಳ ಸಂಬಳವೇ ಬೇಕಾದೀತು. ಸಾಲ ಮಾಡಿ ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಒಬ್ಬರು ಬಳಸಿ ಬಿಟ್ಟದ್ದನ್ನು ಮೂವರು ಕೂಡಿ ಕೊಂಡರೆ ಆಡಲೂ ಆಯಿತು, ಒಬ್ಬನು ಓಡಿಸುವಾಗ ಇನ್ನೊಬ್ಬನು ನೋಡಿ ಬರೆದುಕೊಳ್ಳಲೂ ಆಯಿತು. ಖರ್ಚಿಲ್ಲದೆ ಸರಿಮಾಡಬಹುದಾದದ್ದು ನೋಟದ ಕೋನ. ಹೆಚ್ಚಿನವರು ಅದನ್ನು ಅಗಲವಾಗಿ ಇಟ್ಟುಕೊಳ್ಳುತ್ತಾರೆ. ಆಗ ವೇಗ ಇದ್ದುದಕ್ಕಿಂತ ಹೆಚ್ಚೆಂದೂ ತಿರುವು ಇದ್ದುದಕ್ಕಿಂತ ದೂರವೆಂದೂ ತೋರುತ್ತದೆ. ತೆರೆಯು ಕಿಟಕಿಯಿದ್ದಂತೆ, ಕಣ್ಣಿಂದ ಅದರ ದೂರಕ್ಕೆ ತಕ್ಕ ಕೋನವೇ ಸರಿಯಾದದ್ದು. 24 ಅಂಗುಲದ ತೆರೆಯ ಅಗಲ ಸುಮಾರು 53 ಸೆಂಟಿಮೀಟರ್. 70 ಸೆಂಟಿಮೀಟರ್ ದೂರ ಕುಳಿತರೆ ಅಡ್ಡಕೋನ ಸುಮಾರು 41 ಡಿಗ್ರಿ, ಲಂಬಕೋನ ಸುಮಾರು 24 ಡಿಗ್ರಿ ಆಗುತ್ತದೆ. ಕೆಲವು ಸಿಮ್ಯುಲೇಟರುಗಳು ಅಡ್ಡಕೋನವನ್ನು ಕೇಳುತ್ತವೆ, ಕೆಲವು ಲಂಬಕೋನವನ್ನು. ಮೊದಲು ಕೊಳವೆಯಲ್ಲಿ ನೋಡಿದಂತೆನಿಸುತ್ತದೆ. ಎರಡು ದಿನದಲ್ಲಿ ಕಣ್ಣು ಒಗ್ಗುತ್ತದೆ.

ಈಗ ಒಂದು ತಿರುವು. ಜಾಂಡ್‌ವೂರ್ಟಿನ ನೀಳವಾದ ನೇರದಾರಿಯ ಕೊನೆಯಲ್ಲಿ ಟಾರ್ಜನ್ ಎಂಬ ಬಲತಿರುವು ಇದೆ. ಆಗುಂಬೆ ಘಾಟಿಯ ತಿರುವಿನಂತೆ ಪೂರಾ ಹಿಂದಿರುಗಿಸುವಂಥದು. ಎಡ ಅಂಚಿನಲ್ಲಿ ಬನ್ನಿ. ಕಾರು ನೆಟ್ಟಗಿರುವಾಗಲೇ, ನಿಮಗೆ ತೋಚಿದ್ದಕ್ಕಿಂತ ಐವತ್ತು ಮೀಟರ್ ಮೊದಲೇ, ಬ್ರೇಕು ಒತ್ತಿ. ರೆಕ್ಕೆಯಿಲ್ಲದ ಕಾರು ಇಂದಿನ ಫಾರ್ಮುಲಾ ಕಾರಿನಂತೆ ನಿಲ್ಲಲಾರದು. ವೇಗ ಇಳಿದ ಮೇಲೆಯೇ ಗೇರು ಇಳಿಸಿ. ವೇಗವಿರುವಾಗಲೇ ಕೆಳಗೇರಿಗೆ ತಳ್ಳಿದರೆ ಇಂಜಿನ್ನೇ ಹಿಂದಿನ ಚಕ್ರಗಳನ್ನು ಹಿಡಿದು ಜಾರಿಸುತ್ತದೆ. ಹಳೆಯ ಟಾಟಾ-ಬೆಂಜ್ ಲಾರಿಗಳನ್ನು ಮಾಳ್ಶೇಜ್ ಘಾಟಿಯಲ್ಲಿ ಇಳಿಸಿದ ಚಾಲಕರು ಡಬಲ್ ಕ್ಲಚ್ ಮಾಡಿ, ನಡುವೆ ಸ್ವಲ್ಪ ರೇಸು ಕೊಟ್ಟು ಗೇರು ಇಳಿಸುತ್ತಿದ್ದರಲ್ಲ, ಅದೇ ವಿದ್ಯೆ ಇಲ್ಲಿಯೂ ಬೇಕು. ತಿರುಗಲು ಆರಂಭಿಸುವಾಗ ಬ್ರೇಕನ್ನು ಒಮ್ಮೆಗೇ ಬಿಡದೆ ಸಡಿಲಿಸುತ್ತ ಬನ್ನಿ. ಪೂರ್ತಿ ಬಿಟ್ಟೊಡನೆ ಕಾಲು ಖಾಲಿ ಕೂರಬಾರದು: ಎಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ, ವೇಗ ಹೆಚ್ಚದಂತೆ ಕುಂದದಂತೆ ಹಿಡಿದಿರಿ. ಬಾಲವನ್ನು ನೆಲಕ್ಕೆ ಕೂರಿಸುವುದು ಆ ಕೂದಲೆಳೆಯೇ. ಎರಡನೆಯ ಗೇರಿನ ಆಸೆ ಬೇಡ, ಮೂರನೆಯದರಲ್ಲಿರಿ. ಇಂಜಿನ್ನಿನ ಒದೆ ತಿರುವು ಮುಗಿದ ಮೇಲೆ ಬರುತ್ತದೆ.

ಇಷ್ಟಾದರೂ ಬಾಲ ಜಾರೀತು. ಬಲತಿರುವಿನಲ್ಲಿ ಅದು ಎಡಕ್ಕೆ ಜಾರುತ್ತದೆ. ಸ್ಟೀರಿಂಗನ್ನೂ ಒಡನೆಯೇ ಎಡಕ್ಕೆ ತಿರುಗಿಸಿ. ಕಾಲು ಎತ್ತಬೇಡಿ, ಒತ್ತಲೂ ಬೇಡಿ, ಸ್ವಲ್ಪವೇ ಸಡಿಲಿಸಬಹುದು. ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಗೋಡೆಯ ಮೇಲಲ್ಲ. ಹಿಡಿತ ಮರಳಿತೆಂದು ಕೈಗೆ ತಿಳಿದ ಕ್ಷಣವೇ ಸ್ಟೀರಿಂಗನ್ನು ನೆಟ್ಟಗೆ ತರಬೇಕು. ತಡವಾದರೆ ಬಾಲ ಇನ್ನೊಂದು ಕಡೆಗೆ ಬೀಸಿ, ಮೊದಲಿಗಿಂತ ಜೋರಾಗಿ ಸುತ್ತುತ್ತದೆ. ಎರಡನೆಯ ಬೀಸಿನಲ್ಲಿ ಹೋದ ಕಾರುಗಳೇ ಹೆಚ್ಚು. ಕಂಬಳದಲ್ಲಿ ಕೋಣ ಓಡಿಸುವವರನ್ನು ನೋಡಿದವರು ಈ ಹದವನ್ನು ಬಲ್ಲರು: ಹಗ್ಗ ಬಿಟ್ಟರೂ ಕೆಟ್ಟಿತು, ಜಗ್ಗಿದರೂ ಕೆಟ್ಟಿತು.

ಇಷ್ಟನ್ನು ಕಲಿತು, ಸುತ್ತದೆ ಹತ್ತು ಸುತ್ತು ಮುಗಿಸಲು ಬರುವವರೆಗೆ ಕಾರಿನ ಸ್ಕ್ರೂಗಳಿಗೆ ಕೈ ಹಚ್ಚಬಾರದು ಎಂಬುದು ನಮ್ಮ ಖಂಡಿತವಾದ ಅಭಿಪ್ರಾಯ. ಪ್ರತಿ ಸುತ್ತಿನಲ್ಲಿಯೂ ಬೇರೆ ಬೇರೆ ರೀತಿ ಓಡಿಸುವವನಿಗೆ ತಿದ್ದಿದ್ದರಿಂದ ಗುಣವಾಯಿತೋ ದೋಷವಾಯಿತೋ ತಿಳಿಯುವ ಬಗೆಯೇ ಇಲ್ಲ. ಆಮೇಲೆ ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಇಂಧನ ಅಷ್ಟೇ ಇರಲಿ, ಐದು ಸುತ್ತು ಓಡಿಸಿ. ಟಯರು ತಣ್ಣಗಿರುವ ಮೊದಲನೆಯ ಸುತ್ತನ್ನು ಬಿಟ್ಟು ಉಳಿದವುಗಳ ಕಾಲ ಬರೆಯಿರಿ. ಬಾಲ ಜಾರಿದ್ದು ತಿರುವಿನ ಬಾಯಲ್ಲೋ, ನಡುವೆಯೋ, ಹೊರಡುವಾಗಲೋ ಎಂಬುದನ್ನೂ ಬರೆಯಿರಿ. ಒಂದೇ ದಿನ ಎರಡು ಕಡೆ ತಿದ್ದಿದ ಖಾತೆಪುಸ್ತಕ ತಾಳೆಯಾಗದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುವ ಪಾಡು ಗುಮಾಸ್ತರಿಗೆ ಹೇಳಬೇಕೇ?

ತಿರುವಿನ ಬಾಯಲ್ಲಿ, ಬ್ರೇಕಿನ ಮೇಲಿರುವಾಗಲೇ ಜಾರುತ್ತಿದ್ದರೆ ಬ್ರೇಕಿನ ಬಲವನ್ನು ಸ್ವಲ್ಪ ಮುಂದಿನ ಚಕ್ರಗಳ ಕಡೆಗೆ ಸರಿಸಿ. ಅತಿಯಾದರೆ ಮುಂದಿನ ಚಕ್ರಗಳು ಕಟ್ಟಿಬಿದ್ದು ಕಾರು ನೆಟ್ಟಗೆ ಮರಳಿಗೆ ಹೋಗುತ್ತದೆ. ಆಗ ಒಂದು ಹೆಜ್ಜೆ ಹಿಂದೆ ಬನ್ನಿ. ಕಾಲೆತ್ತಿದಾಗ ಜಾರುತ್ತಿದ್ದರೆ ಮದ್ದು ಡಿಫರೆನ್ಶಿಯಲಿನಲ್ಲಿದೆ. ಎರಡು ಹಿಂದಿನ ಚಕ್ರಗಳನ್ನು ಎಷ್ಟರಮಟ್ಟಿಗೆ ಕೂಡಿ ಕಟ್ಟಬೇಕೆಂಬುದು ಅದರ ಕೆಲಸ. ಕಾಲೆತ್ತಿದಾಗಿನ ಬಿಗಿ ಬೇರೆ, ಒತ್ತಿದಾಗಿನ ಬಿಗಿ ಬೇರೆ. ಕಾಲೆತ್ತಿದಾಗಿನ ಬಿಗಿ ಹೆಚ್ಚಿಸಿದರೆ ಬಾಲ ಶಾಂತವಾಗುತ್ತದೆ, ಆದರೆ ಮೂತಿ ತಿರುಗಲು ಸೋಮಾರಿಯಾಗುತ್ತದೆ. ಹೊಸಬರಿಗೆ ಸೋಮಾರಿ ಮೂತಿಯೇ ಲೇಸು. ಒತ್ತಿದಾಗಿನ ಬಿಗಿ ಅತಿಯಾದರೆ ಎರಡು ಚಕ್ರಗಳೂ ಒಟ್ಟಿಗೆ ಜಾರಿ ಹೊರಡುವಾಗ ಕಾರು ಹಠಾತ್ತಾಗಿ ಸುತ್ತುತ್ತದೆ; ತೀರ ಕಡಿಮೆಯಾದರೆ ಒಳಗಿನ ಚಕ್ರ ವ್ಯರ್ಥವಾಗಿ ತಿರುಗುತ್ತದೆ. ಇದನ್ನು ಕೆಲವು ಸಿಮ್ಯುಲೇಟರುಗಳು ಶೇಕಡಾವಾರು ತೋರಿಸುತ್ತವೆ, ಕೆಲವು ಕೋನದಲ್ಲಿ. ಕೋನದಲ್ಲಿ ತೋರಿಸುವ ಕಡೆ ಅಂಕಿ ಸಣ್ಣದಾದಷ್ಟೂ ಬಿಗಿ ಹೆಚ್ಚು.

ತಿರುವಿನ ನಡುವೆ ಜಾರುವ ಕಾರಿಗೆ ಆಂಟಿ-ರೋಲ್ ಬಾರ್ ನೋಡಬೇಕು. ಹಿಂದಿನದನ್ನು ಸಡಿಲಿಸಿ, ಅಥವಾ ಮುಂದಿನದನ್ನು ಬಿಗಿಮಾಡಿ. ಎರಡನ್ನೂ ಒಟ್ಟಿಗೆ ಬೇಡ. ಸ್ಪ್ರಿಂಗಿಗೂ ಇದೇ ನ್ಯಾಯ, ಯಾವ ಕಡೆ ಮೆತ್ತಗೋ ಆ ಕಡೆ ಹಿಡಿತ ಹೆಚ್ಚು. ಹಿಂದಿನ ಚಕ್ರಗಳನ್ನು ಒಂದಿಷ್ಟು ಒಳಮುಖವಾಗಿ ಕೂರಿಸಿದರೆ ನೇರದಾರಿಯಲ್ಲಿ ಕಾರು ಅಲ್ಲಾಡುವುದು ನಿಲ್ಲುತ್ತದೆ. ಟಯರಿನ ಗಾಳಿಯನ್ನು ಉಷ್ಣತೆಯೇ ಹೇಳುತ್ತದೆ: ನಡುಭಾಗ ಅಂಚುಗಳಿಗಿಂತ ಬಿಸಿಯಾಗಿದ್ದರೆ ಗಾಳಿ ಹೆಚ್ಚು, ಅಂಚುಗಳೇ ಬಿಸಿಯಾಗಿದ್ದರೆ ಕಡಿಮೆ. ಒಳ ಅಂಚು ಮಾತ್ರ ಬಹಳ ಬಿಸಿಯಾಗಿದ್ದರೆ ಚಕ್ರವನ್ನು ಅತಿಯಾಗಿ ಒಳಕ್ಕೆ ವಾಲಿಸಿದ್ದೀರಿ. ಶಾಕ್ ಅಬ್ಸಾರ್ಬರುಗಳ ತಂಟೆಗೆ ಆರು ತಿಂಗಳು ಹೋಗಬೇಡಿ. ಯಾರೋ ಶೂರರು ಹಂಚಿದ ಸಿದ್ಧ ಲೆಕ್ಕವನ್ನು ತಂದು ತುಂಬುವವರೂ ಇದ್ದಾರೆ. ಬಾಲವನ್ನು ಬೇಕೆಂದೇ ಜಾರಿಸಿ ತಿರುಗುವವರ ಕಾರು ಅದು; ಇನ್ನೊಬ್ಬರ ಕನ್ನಡಕ ನಮ್ಮ ಕಣ್ಣಿಗೆ ಹೊಂದುವುದು ಅಪರೂಪ.

ಇನ್ನೊಂದು ಮಾತನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ತೆರೆಯ ಮೇಲೆ ಎಷ್ಟು ಸಲ ಗೋಡೆಗೆ ಬಡಿದರೂ ಒಂದು ಗುಂಡಿ ಒತ್ತಿದರೆ ಕಾರು ಹೊಸದಾಗಿ ನಿಲ್ಲುತ್ತದೆ. 1967ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಸುಟ್ಟುಹೋದ ಲೊರೆಂಜೊ ಬಂಡಿನಿಗೆ ಆ ಗುಂಡಿ ಇರಲಿಲ್ಲ. ಅಂದಿನ ಎಲ್ಲರಿಗಿಂತ ಮೃದುವಾದ ಕೈಯೆಂದು ಹೆಸರಾದ ಜಿಮ್ ಕ್ಲಾರ್ಕ್ 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮಿನಲ್ಲಿ ತೀರಿಕೊಂಡ, ಅದೂ ಇದಕ್ಕಿಂತ ಸಣ್ಣದಾದ ಫಾರ್ಮುಲಾ ಎರಡರ ಕಾರಿನಲ್ಲಿ. ವಾಶಿಯಿಂದ ಬೇಲಾಪುರದ ಕಡೆ ಹೋಗುವ ಪಾಮ್ ಬೀಚ್ ಮಾರ್ಗ ರಾತ್ರಿಯ ವೇಗಕ್ಕೂ ಅದರ ಅಪಘಾತಗಳಿಗೂ ಹೆಸರಾದದ್ದೆಂದು ನಾವೆಲ್ಲ ಬಲ್ಲೆವು. ಸಿಮ್ಯುಲೇಟರಿನ ಮುಂದೆ ಕುಳಿತವನ ಮೈಗೆ ಭಾರದ ಎಳೆತ ತಿಳಿಯದು, ಕಣ್ಣಿಗೆ ಮತ್ತು ಕೈಗೆ ಮಾತ್ರ ಅಷ್ಟಿಷ್ಟು ತಿಳಿಯುತ್ತದೆ. ಅಲ್ಲಿ ಅಡ್ಡ ಬರುವ ರಿಕ್ಷಾ ಇಲ್ಲ, ಮಗುವಿಲ್ಲ. ಆದ್ದರಿಂದ ಅಲ್ಲಿ ಕಲಿತ ವೇಗವನ್ನು ಬೈಕಿನ ಮೇಲೆ ಪಾಮ್ ಬೀಚಿಗೆ ಕೊಂಡೊಯ್ಯುವವನು ಅರ್ಧ ಪಾಠವನ್ನೂ ಕಲಿತಿಲ್ಲ. ಹುಡುಗರಿರುವ ಮನೆಯ ಹಿರಿಯರು ಇದನ್ನು ಆಟದ ಪಕ್ಕದಲ್ಲಿಯೇ ಕುಳಿತು ಹೇಳಬೇಕು, ಬೇರೆ ದಿನ ಕರೆದು ಬುದ್ಧಿವಾದವಾಗಿ ಹೇಳಿದರೆ ನಾಟುವುದಿಲ್ಲ.

ಕೊನೆಗೆ ಇಂಧನದ ಲೆಕ್ಕ. ನೂರು ಲೀಟರ್ ಪೆಟ್ರೋಲೆಂದರೆ ಸುಮಾರು 75 ಕಿಲೋ ಭಾರ. ತೊಟ್ಟಿ ತುಂಬಿದ ಕಾರು ಬೇರೆ, ಬರಿದಾದ ಕಾರು ಬೇರೆ. ಅಭ್ಯಾಸವನ್ನೆಲ್ಲ ಹಗುರ ಕಾರಿನಲ್ಲಿ ಮಾಡಿ ಓಟಕ್ಕೆ ತುಂಬಿದ ಕಾರನ್ನು ಇಳಿಸಿದವನು ಮೊದಲನೆಯ ಟಾರ್ಜನ್ನಿನಲ್ಲಿಯೇ ಹೊರಗೆ ಹೋಗುತ್ತಾನೆ. ತೀರ ಕಡಿಮೆ ತುಂಬುವುದೂ ಸಲ್ಲ. 1967ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಕ್ಲಾರ್ಕ್ ಟಯರು ಪಂಕ್ಚರಾಗಿ ಪೂರಾ ಒಂದು ಸುತ್ತು ಹಿಂದೆ ಬಿದ್ದ. ಎಲ್ಲರನ್ನೂ ಹಿಂದೆ ಹಾಕಿ ಮತ್ತೆ ಮೊದಲಿಗನಾದ. ಕೊನೆಯ ಸುತ್ತಿನಲ್ಲಿ ಇಂಜಿನ್ನಿಗೆ ಇಂಧನ ಸಾಲದೆ ಮೂರನೆಯವನಾಗಿ ಮುಗಿಸಿದ. ಐದು ಸುತ್ತಿಗೆ ಎಷ್ಟು ಉರಿಯಿತೆಂದು ನೋಡಿ ಐದರಿಂದ ಭಾಗಿಸಿರಿ. ಸುತ್ತಿಗೆ ಎರಡು ಲೀಟರ್ ಎಂದಿಟ್ಟುಕೊಳ್ಳೋಣ: ಹತ್ತು ಸುತ್ತಿನ ಓಟಕ್ಕೆ ಇಪ್ಪತ್ತು, ಮೇಲೆ ಒಂದು ಸುತ್ತಿನ ಎರಡು, ಒಟ್ಟು ಇಪ್ಪತ್ತೆರಡು ಲೀಟರ್ ತುಂಬಿ, ಅಷ್ಟೇ ಭಾರದಲ್ಲಿ ಹಿಂದಿನ ರಾತ್ರಿ ಐದು ಸುತ್ತು ಓಡಿಸಿ ನೋಡಿ.